ಗ್ಲಾಸ್ಗೋದ ಮೆಲುದನಿ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸ್ಟೋ ಕಾಲೇಜಿನಲ್ಲಿ ಸಂಗೀತದ ವ್ಯಾಪಾರ ಕಲಿಸುವ ಒಂದು ಕೋರ್ಸ್ ಇತ್ತು. ಅಲ್ಲಿ ಬರೀ ಪಾಠ ಕೇಳಿ ಪರೀಕ್ಷೆ ಬರೆದರೆ ಸಾಲುತ್ತಿರಲಿಲ್ಲ. 'ಎಲೆಕ್ಟ್ರಿಕ್ ಹನಿ' ಎಂಬ ಹೆಸರಿನಲ್ಲಿ ಕಾಲೇಜೇ ಒಂದು ರೆಕಾರ್ಡ್ ಕಂಪನಿ ನಡೆಸುತ್ತಿತ್ತು. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳು ಒಂದು ಹೊಸ ತಂಡವನ್ನು ಆರಿಸಿ, ಅದರ ಹಾಡನ್ನು ಮುದ್ರಿಸಿ ಹೊರತರಬೇಕಿತ್ತು. 1996ರಲ್ಲಿ ಅವರು ಆರಿಸಿದ ತಂಡದ ಬಳಿ ಒಂದಲ್ಲ, ಆಲ್ಬಂ ತುಂಬುವಷ್ಟು ಹಾಡುಗಳಿದ್ದವು. ಮಾದರಿ ಧ್ವನಿಮುದ್ರಣ ಕೇಳಿದವರಿಗೆ ಯಾವುದನ್ನೂ ಬಿಡಲು ಮನಸ್ಸಾಗಲಿಲ್ಲ. ವಾಡಿಕೆ ಮುರಿದು ಪೂರ್ತಿ ಆಲ್ಬಮ್ಮಿಗೇ ಒಪ್ಪಿದರು. ಮೂರು ದಿನಗಳಲ್ಲಿ ಧ್ವನಿಮುದ್ರಣ ಮುಗಿಯಿತು. ಆ ಜೂನ್‌ನಲ್ಲಿ 'ಟೈಗರ್‌ಮಿಲ್ಕ್' ಎಂಬ ಹೆಸರಿನ ಎಲ್‌ಪಿ ಹೊರಬಂತು. ಅಚ್ಚಾದದ್ದು ಒಂದೇ ಒಂದು ಸಾವಿರ ಪ್ರತಿ.

ತಂಡದ ಹೆಸರು ಬೆಲ್ ಆ್ಯಂಡ್ ಸೆಬಾಸ್ಟಿಯನ್. ಆ ಸಾವಿರ ಪ್ರತಿಗಳಲ್ಲಿ ಒಂದಕ್ಕೆ ಮುಂದೆ ಸಂಗ್ರಾಹಕರು 400 ಪೌಂಡ್‌ವರೆಗೂ ಬೆಲೆ ಕೊಟ್ಟರು.

ಅದೇ ವರ್ಷದ ಆಗಸ್ಟಿನಲ್ಲಿ ಇಂಗ್ಲೆಂಡಿನ ನೆಬ್‌ವರ್ತ್‌ನಲ್ಲಿ ಒಯಾಸಿಸ್ ತಂಡ ಎರಡು ರಾತ್ರಿ ಹಾಡಿತು. ಸೇರಿದ ಜನ ಎರಡೂವರೆ ಲಕ್ಷ. ಬ್ರಿಟನ್ನಿನ ಪತ್ರಿಕೆ, ರೇಡಿಯೊ, ಟಿ.ವಿ. ಎಲ್ಲ ಕಡೆ ಆಗ ಇಂಥ ದೊಡ್ಡ ಗಿಟಾರ್ ತಂಡಗಳದ್ದೇ ಅಬ್ಬರ. ಅವುಗಳ ನಡುವೆ ಸೆಲ್ಲೊ, ಪಿಟೀಲು, ಟ್ರಂಪೆಟ್ ಇಟ್ಟುಕೊಂಡು, ಪಕ್ಕದಲ್ಲಿ ಕೂತವರ ಕಿವಿಗೆ ಮಾತ್ರ ಬೀಳುವಂತೆ ಹಾಡುವ ಒಂದು ತಂಡ ಉಳಿದುಕೊಂಡಿತು. ಉಳಿಯಿತು ಮಾತ್ರವಲ್ಲ, ಮೂರನೆಯ ದಶಕದಲ್ಲೂ ಹೊಸ ಆಲ್ಬಂ ತಂದಿತು. ಅದು ಹೇಗೆ ಸಾಧ್ಯವಾಯಿತು ಎಂದು ನೋಡಲು ಒಂದು ಹೆಜ್ಜೆ ಹಿಂದೆ ಹೋಗಬೇಕು.

ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಯವರೆಗೂ ಹಾಡು ಜನರಿಗೆ ತಲುಪಬೇಕಾದರೆ ಬೆರಳೆಣಿಕೆಯ ದೊಡ್ಡ ಕಂಪನಿಗಳ ಬಾಗಿಲು ತಟ್ಟಲೇಬೇಕಿತ್ತು. ಸ್ಟುಡಿಯೊ, ಅಚ್ಚು, ಹಂಚಿಕೆ ಎಲ್ಲ ಅವರ ಕೈಯಲ್ಲಿತ್ತು. ಪಂಕ್ ಸಂಗೀತದ ಅಲೆ ಎದ್ದಾಗ ಹುಡುಗರು ತಾವೇ ಹಣ ಕೂಡಿಸಿ ಪ್ಲೇಟು ಅಚ್ಚು ಹಾಕಿಸತೊಡಗಿದರು. ಲಂಡನ್ನಿನಲ್ಲಿ 1976ರಲ್ಲಿ ಶುರುವಾದ 'ರಫ್ ಟ್ರೇಡ್' ಎಂಬ ಅಂಗಡಿ ಅವನ್ನು ಮಾರಿತು, ಮುಂದೆ ತಾನೇ ಕಂಪನಿಯಾಯಿತು. ಗ್ಲಾಸ್ಗೋದಲ್ಲಿ 'ಪೋಸ್ಟ್‌ಕಾರ್ಡ್' ಎಂಬ ಪುಟ್ಟ ಕಂಪನಿ ಹುಟ್ಟಿ, 1980ರಿಂದ 'ಆರೆಂಜ್ ಜ್ಯೂಸ್' ತಂಡದ ಹಾಡುಗಳನ್ನು ಹೊರತಂದಿತು. 1986ರಲ್ಲಿ 'ಎನ್‌ಎಂಇ' ವಾರಪತ್ರಿಕೆ ಇಂಥ ಸಣ್ಣ ತಂಡಗಳನ್ನೆಲ್ಲ ಸೇರಿಸಿ 'ಸಿ86' ಎಂಬ ಕ್ಯಾಸೆಟ್ ತಂದಿತು. ಹೀಗೆ ಸ್ವತಂತ್ರ ಕಂಪನಿಗಳಿಂದ ಬಂದ ಸಂಗೀತಕ್ಕೆ ಇಂಡಿ ಎಂಬ ಹೆಸರು ಬಿತ್ತು. ಅದರಲ್ಲೂ ಇಂಪಾದ ರಾಗ, ಕೊಂಚ ಸಂಕೋಚದ ದನಿ, ದಿನನಿತ್ಯದ ವಿಷಯ ಇಟ್ಟುಕೊಂಡದ್ದು ಇಂಡಿ ಪಾಪ್. ಅಲ್ಲಿ ವಾದ್ಯ ಸ್ವಲ್ಪ ತಪ್ಪಿದರೂ ಯಾರೂ ಬೇಸರಿಸುತ್ತಿರಲಿಲ್ಲ. ಹೇಳಬೇಕಾದದ್ದು ಇರಬೇಕಿತ್ತು, ಅಷ್ಟೇ.

ಬೆಲ್ ಆ್ಯಂಡ್ ಸೆಬಾಸ್ಟಿಯನ್‌ನ ಮುಖ್ಯ ಗಾಯಕ, ಗೀತರಚನೆಕಾರ ಸ್ಟುವರ್ಟ್ ಮರ್ಡಾಕ್ ಹುಟ್ಟಿದ್ದು 1968ರಲ್ಲಿ, ಗ್ಲಾಸ್ಗೋಗೆ ಹತ್ತಿರದ ಏರ್ ಎಂಬ ಊರಿನಲ್ಲಿ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಕಾಯಿಲೆ ಹಿಡಿಯಿತು. ವೈದ್ಯರು ಎಂ.ಇ. ಅಥವಾ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎನ್ನುವ ಕಾಯಿಲೆ ಅದು. ಅದರಲ್ಲಿ ಬರುವ ದಣಿವು ಒಂದು ರಾತ್ರಿ ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ. ಅಂಗಡಿಗೆ ಹೋಗಿಬಂದ ಶ್ರಮಕ್ಕೇ ದಿನಗಟ್ಟಲೆ ಹಾಸಿಗೆ ಹಿಡಿಯಬೇಕಾಗಬಹುದು. ಬೆಳಕು, ಸದ್ದು, ನಾಲ್ಕು ಜನರ ಮಾತು ಕೂಡ ಸಹಿಸಲಾಗದೆ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆ 1969ರಿಂದಲೇ ಇದನ್ನು ನರಸಂಬಂಧಿ ಕಾಯಿಲೆಗಳ ಪಟ್ಟಿಯಲ್ಲಿ ಇಟ್ಟಿದೆ. ಆದರೆ ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳದ ಈ ರೋಗವನ್ನು ಸೋಮಾರಿತನವೆಂದೋ ಮನಸ್ಸಿನ ಭ್ರಮೆಯೆಂದೋ ತಳ್ಳಿಹಾಕುವವರು ಆಗ ಬಹಳ ಇದ್ದರು. ಮರ್ಡಾಕ್ ಸುಮಾರು ಏಳು ವರ್ಷ ಕೆಲಸ ಮಾಡಲಾರದೆ ಕಳೆದರು. ಓದು ನಿಂತಿತು, ಗೆಳೆಯರು ಅವರವರ ದಾರಿ ಹಿಡಿದರು. ಮಾಡಲು ಆಗುತ್ತಿದ್ದದ್ದು ಪಿಯಾನೊ ಮುಂದೆ ಕೂತು ಹಾಡು ಕಟ್ಟುವುದೊಂದೇ.

ಅವರ ಹಾಡುಗಳ ಒಳಗುಟ್ಟು ಇಲ್ಲಿದೆ. ಬಸ್ಸಿನಲ್ಲಿ ಒಂಟಿಯಾಗಿ ಕೂತ ಹುಡುಗಿ, ಶಾಲೆಯಲ್ಲಿ ಎಲ್ಲರಿಂದ ಬೈಸಿಕೊಳ್ಳುವವಳು, ದೇವರ ಬಗ್ಗೆ ಪ್ರಶ್ನೆ ಇಟ್ಟುಕೊಂಡು ಚರ್ಚಿಗೆ ಬರುವವಳು, ಕೆಲಸ ಹಿಡಿಯಲಾರದ ಹುಡುಗ ಇವರೇ ಅಲ್ಲಿನ ಪಾತ್ರಗಳು. ಒಂದೊಂದು ಹಾಡೂ ಸಣ್ಣ ಕಥೆ. ಬದುಕಿನ ಓಟದಿಂದ ಹೊರಗೆ ನಿಂತು, ಓಡುತ್ತಿರುವವರನ್ನು ವರ್ಷಗಟ್ಟಲೆ ಗಮನಿಸಿದವರಿಗೆ ಮಾತ್ರ ಕಾಣುವ ವಿವರಗಳು ಅವುಗಳಲ್ಲಿವೆ. ಅನುಕಂಪ ಇದೆ, ಆದರೆ ಗೋಳು ಇಲ್ಲ, ತುಂಟತನ ಬೇಕಾದಷ್ಟಿದೆ.

ಚೇತರಿಸಿಕೊಳ್ಳುತ್ತಿದ್ದಂತೆ ಮರ್ಡಾಕ್ 'ಬೀಟ್‌ಬಾಕ್ಸ್' ಎಂಬ ತರಬೇತಿಗೆ ಸೇರಿದರು. ನಿರುದ್ಯೋಗಿ ಸಂಗೀತಗಾರರಿಗೆಂದು ಸರ್ಕಾರ ನಡೆಸುತ್ತಿದ್ದ ಯೋಜನೆ ಅದು. ಅಲ್ಲಿ ಸಿಕ್ಕವರು ಇನ್ನೊಬ್ಬ ಸ್ಟುವರ್ಟ್, ಬಾಸ್ ಗಿಟಾರ್ ನುಡಿಸುವ ಸ್ಟುವರ್ಟ್ ಡೇವಿಡ್. ಸ್ಟೋ ಕಾಲೇಜಿನ ಅಧ್ಯಾಪಕ ಅಲನ್ ರ‍್ಯಾಂಕಿನ್ ಜೊತೆ ಕೂತು ಇಬ್ಬರೂ ಕೆಲವು ಹಾಡು ಮುದ್ರಿಸಿಕೊಂಡರು. ರ‍್ಯಾಂಕಿನ್ ಸ್ವತಃ 'ಅಸೋಸಿಯೇಟ್ಸ್' ಎಂಬ ಹೆಸರಾಂತ ತಂಡದಲ್ಲಿದ್ದವರು. ಈ ಹಾಡುಗಳೇ ವಿದ್ಯಾರ್ಥಿಗಳ ಕಿವಿಗೆ ಬಿದ್ದದ್ದು. ಡ್ರಮ್ಸ್ ನುಡಿಸಿದ ರಿಚರ್ಡ್ ಕೋಲ್ಬರ್ನ್ ಅದೇ ಕೋರ್ಸಿನ ವಿದ್ಯಾರ್ಥಿ. ಸೆಲ್ಲೊ ನುಡಿಸುವ ಇಸೊಬೆಲ್ ಕ್ಯಾಂಪ್‌ಬೆಲ್, ಗಿಟಾರಿನ ಸ್ಟೀವಿ ಜ್ಯಾಕ್ಸನ್, ಕೀಬೋರ್ಡಿನ ಕ್ರಿಸ್ ಗೆಡ್ಡಿಸ್ ಒಬ್ಬೊಬ್ಬರಾಗಿ ಬಂದರು. ಟ್ರಂಪೆಟ್ಟಿನ ಮಿಕ್ ಕುಕ್, ಪಿಟೀಲಿನ ಸಾರಾ ಮಾರ್ಟಿನ್ ಆಮೇಲೆ ತಂಡದವರೇ ಆಗಿಬಿಟ್ಟರು. ಫ್ರೆಂಚ್ ಲೇಖಕಿ ಸೆಸಿಲ್ ಓಬ್ರಿ ಒಬ್ಬ ಹುಡುಗ ಮತ್ತು ಅವನ ದೊಡ್ಡ ನಾಯಿಯ ಬಗ್ಗೆ ಮಕ್ಕಳ ಕಥೆ ಬರೆದಿದ್ದರು, ಅದು ಟಿ.ವಿ. ಧಾರಾವಾಹಿಯಾಗಿಯೂ ಮನೆಮಾತಾಗಿತ್ತು. ತಂಡದ ಹೆಸರು ಅಲ್ಲಿಂದ ಬಂತು.

ಮರ್ಡಾಕ್ ಆ ಹೊತ್ತಿಗೆ ಒಂದು ಚರ್ಚಿನ ಸಭಾಂಗಣದ ಮೇಲಿನ ಮನೆಯಲ್ಲಿದ್ದರು. ಸಭಾಂಗಣದ ಬಾಗಿಲು ತೆಗೆದು ಹಾಕುವ, ಕುರ್ಚಿ ಜೋಡಿಸುವಂಥ ಉಸ್ತುವಾರಿ ಅವರದು. 1995ರಿಂದ 2003ರವರೆಗೆ, ಅಂದರೆ ಅವರ ಹಾಡು ದೇಶಾಂತರ ಮುಟ್ಟಿದ ಮೇಲೂ, ಅವರು ಆ ಕೆಲಸ ಬಿಡಲಿಲ್ಲ. ಚರ್ಚಿನ ಗಾಯನವೃಂದದಲ್ಲೂ ಹಾಡುತ್ತಿದ್ದರು.

ಪ್ರತಿಭೆಯೊಂದೇ ಕಲೆಯನ್ನು ಹುಟ್ಟಿಸುತ್ತದೆ ಎಂದು ನಂಬುವವರು ಈ ಕಥೆಯನ್ನು ಸಾವಧಾನವಾಗಿ ನೋಡಬೇಕು. ನಿರುದ್ಯೋಗಿಗಳ ತರಬೇತಿ, ಸಾರ್ವಜನಿಕ ಕಾಲೇಜು, ಚರ್ಚಿನ ಮನೆ, ಕಾಯಿಲೆಯವರ ಕೈಬಿಡದ ಊರು ಇವುಗಳಲ್ಲಿ ಒಂದು ಇಲ್ಲದಿದ್ದರೂ ಈ ಹಾಡುಗಳು ಆ ಮನುಷ್ಯನ ತಲೆಯಲ್ಲೇ ಉಳಿದುಬಿಡುತ್ತಿದ್ದವು. ಯಾವ ದೊಡ್ಡ ಕಂಪನಿಯೂ ಕೂಗಿ ಹಾಡಲಾರದ, ನಿತ್ಯ ಪ್ರವಾಸ ಮಾಡಲಾರದ ಗಾಯಕನ ಮೇಲೆ ಹಣ ಹೂಡುತ್ತಿರಲಿಲ್ಲ. ಲಾಭದ ಲೆಕ್ಕ ಹಾಕದೆ ಕಿವಿಗೊಟ್ಟ ಸಂಸ್ಥೆಗಳು ಆ ಕೆಲಸ ಮಾಡಿದವು. ಸ್ಟೋ ಕಾಲೇಜಿನ ಪ್ರಯೋಗವಂತೂ ಬೆಲ್ ಆ್ಯಂಡ್ ಸೆಬಾಸ್ಟಿಯನ್‌ಗೇ ನಿಲ್ಲಲಿಲ್ಲ. ಮುಂದೆ ಲೋಕಪ್ರಸಿದ್ಧವಾದ 'ಸ್ನೋ ಪಟ್ರೋಲ್' ಮತ್ತು 'ಬಿಫಿ ಕ್ಲೈರೊ' ತಂಡಗಳ ಮೊದಮೊದಲ ಧ್ವನಿಮುದ್ರಣಗಳೂ ಎಲೆಕ್ಟ್ರಿಕ್ ಹನಿಯಿಂದಲೇ ಬಂದವು.

ಲಂಡನ್ನಿನ 'ಜೀಪ್‌ಸ್ಟರ್' ಎಂಬ ಸಣ್ಣ ಕಂಪನಿ ತಂಡವನ್ನು ಕರೆದುಕೊಂಡಿತು. 1996ರ ನವೆಂಬರಿನಲ್ಲಿ, ಮೊದಲ ಆಲ್ಬಂ ಬಂದು ಐದು ತಿಂಗಳಾಗುವಷ್ಟರಲ್ಲಿ, 'ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್' ಬಂತು. ಗ್ಲಾಸ್ಗೋದ 'ಕಾವಾ' ಸ್ಟುಡಿಯೊದಲ್ಲಿ ಟೋನಿ ಡೂಗನ್ ಕೈಯಲ್ಲಿ ಅದು ಸಿದ್ಧವಾಯಿತು. ಆ ಸ್ಟುಡಿಯೊ ಕಟ್ಟಡ ಕೂಡ ಹಿಂದೆ ಚರ್ಚೇ ಆಗಿತ್ತು. ಇಂಡಿ ಪಾಪ್‌ನ ಅತ್ಯುತ್ತಮ ಆಲ್ಬಂ ಯಾವುದೆಂಬ ಚರ್ಚೆ ಬಂದಾಗಲೆಲ್ಲ ಇದರ ಹೆಸರು ಬರುತ್ತದೆ. ಅಮೆರಿಕದ ವಿಮರ್ಶಕ ಸ್ಕಾಟ್ ಪ್ಲ್ಯಾಗೆನ್‌ಹೋಫ್ 2007ರಲ್ಲಿ ಈ ಒಂದು ಆಲ್ಬಮ್ಮಿನ ಬಗ್ಗೆಯೇ ಪುಸ್ತಕ ಬರೆದರು. ಮೊದಲ ಸಲ ಕೇಳುವವರಿಗೆ ಅದರ ಸದ್ದು ತೆಳು ಅನಿಸಬಹುದು. ಎರಡು ಮೂರು ಸಲ ಕೇಳಿದ ಮೇಲೆ ಪದಗಳು ಬಿಡಿಬಿಡಿಯಾಗಿ ಕಿವಿಗೆ ಬೀಳತೊಡಗುತ್ತವೆ, ಆಮೇಲೆ ಬಿಟ್ಟುಹೋಗುವುದಿಲ್ಲ.

ತಂಡ ಆಗ ಯಾವ ಸಂದರ್ಶನಕ್ಕೂ ಸುಲಭವಾಗಿ ಸಿಗುತ್ತಿರಲಿಲ್ಲ, ಫೋಟೊಗೆ ನಿಲ್ಲುತ್ತಿರಲಿಲ್ಲ. ಆಲ್ಬಮ್ಮಿನ ಹೊದಿಕೆಯ ಮೇಲೂ ಅವರ ಮುಖಗಳು ಕಾಣುವುದು ಅಪರೂಪ. ಗೆಳೆಯ ಗೆಳತಿಯರನ್ನು ಕೂರಿಸಿ ತೆಗೆದ ಚಿತ್ರ, ಅದರ ಮೇಲೆ ಒಂದೇ ಬಣ್ಣದ ಲೇಪ. 'ಸಿನಿಸ್ಟರ್' ಹೊದಿಕೆ ಪೂರ್ತಿ ಕೆಂಪು. ಅಂಗಡಿಯ ಕಪಾಟಿನಲ್ಲಿ ದೂರದಿಂದಲೇ ಗುರುತು ಹಿಡಿಯಬಹುದಾದ ಈ ಹೊದಿಕೆಗಳು ತಂಡದ ಮುಖವೇ ಆಗಿಬಿಟ್ಟವು. 1997ರಲ್ಲಿ ನಾಲ್ಕು ನಾಲ್ಕು ಹಾಡುಗಳ ಮೂರು ಇಪಿಗಳು ಬಂದವು. ಆಲ್ಬಮ್ಮಿನಲ್ಲಿ ಇರುವ ಹಾಡನ್ನೇ ಮತ್ತೆ ಬಿಡಿಯಾಗಿ ಮಾರಿ ಅಭಿಮಾನಿಯಿಂದ ಎರಡು ಸಲ ಹಣ ಪಡೆಯುವುದು ಸಂಗೀತ ಕಂಪನಿಗಳ ಹಳೆಯ ರೂಢಿ. ಇವರು ಹಾಗೆ ಮಾಡಲಿಲ್ಲ. ಇಪಿಯ ಹಾಡುಗಳು ಆಗ ಬಹುಮಟ್ಟಿಗೆ ಇಪಿಯಲ್ಲಿ ಮಾತ್ರ ಇದ್ದವು. ಆ ಮೂರರಲ್ಲಿ ಎರಡನೆಯದಾದ 'ಲೇಜಿ ಲೈನ್ ಪೇಂಟರ್ ಜೇನ್'ನಲ್ಲಿ ಮೋನಿಕಾ ಕ್ವೀನ್ ಎಂಬ ಗಾಯಕಿಯ ತುಂಬು ಕಂಠ ಮರ್ಡಾಕರ ಮೆಲುದನಿಗೆ ಎದುರಾಗಿ ಏರುತ್ತ ಹೋಗುತ್ತದೆ. ಬ್ರಿಟಿಷ್ ಮಾರಾಟ ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು 41ನೇ ಸ್ಥಾನ. ಈ ತಂಡವನ್ನು ಹೊಸದಾಗಿ ಕೇಳಬೇಕೆನ್ನುವವರು ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು.

ಮೂರನೆಯ ಆಲ್ಬಂ 'ದ ಬಾಯ್ ವಿತ್ ದ ಅರಬ್ ಸ್ಟ್ರಾಪ್' 1998ರಲ್ಲಿ 12ನೇ ಸ್ಥಾನಕ್ಕೆ ಏರಿತು. ಮರು ವರ್ಷ ಫೆಬ್ರುವರಿಯಲ್ಲಿ ನಡೆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಬ್ರಿಟನ್ನಿನ ದೊಡ್ಡ ಸಂಗೀತ ಪ್ರಶಸ್ತಿಯಾದ ಬ್ರಿಟ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಹೊಸ ತಂಡಕ್ಕೆ ಮತ ಹಾಕುವ ಅವಕಾಶ ಬಿಬಿಸಿ ರೇಡಿಯೊ 1ರ ಕೇಳುಗರಿಗಿತ್ತು. ಮುಂಚೂಣಿಯಲ್ಲಿದ್ದದ್ದು ಲಕ್ಷಗಟ್ಟಲೆ ಪ್ರತಿ ಮಾರಾಟವಾಗುತ್ತಿದ್ದ 'ಸ್ಟೆಪ್ಸ್' ಎಂಬ ಕುಣಿತದ ಹಾಡಿನ ತಂಡ. ಗೆದ್ದದ್ದು ಮಾತ್ರ ಬೆಲ್ ಆ್ಯಂಡ್ ಸೆಬಾಸ್ಟಿಯನ್. ಅವರ ಅಭಿಮಾನಿಗಳಲ್ಲಿ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರೇ ಹೆಚ್ಚು. ಇಂಟರ್ನೆಟ್ ಇನ್ನೂ ಮನೆಮನೆಗೆ ಬಾರದ ಕಾಲದಲ್ಲಿ ಅದು ಅವರ ಕೈಯಲ್ಲಿತ್ತು, ಮತದಾನವೂ ಅಲ್ಲೇ ನಡೆಯಿತು. ಸ್ಟೆಪ್ಸ್ ತಂಡವನ್ನು ಬೆಳೆಸಿದ ನಿರ್ಮಾಪಕ ಪೀಟ್ ವಾಟರ್‌ಮನ್ ಮತದಾನದಲ್ಲಿ ಅಕ್ರಮವಾಗಿದೆ ಎಂದು ದೂರಿದರು, ಪತ್ರಿಕೆಗಳು ಅದನ್ನು ದೊಡ್ಡ ಗದ್ದಲವಾಗಿಸಿದವು. ಪ್ರಶಸ್ತಿ ಮಾತ್ರ ಕೈತಪ್ಪಲಿಲ್ಲ. ಸ್ವೀಕರಿಸಲು ವೇದಿಕೆಗೆ ಬಂದವರು ಕೋಲ್ಬರ್ನ್ ಮತ್ತು ಕುಕ್ ಇಬ್ಬರೇ. ಜನ ಮತ ಹಾಕಿ ಗೆಲ್ಲಿಸಿದ್ದನ್ನು ಮೋಸವೆಂದು ಕರೆದದ್ದು ಆ ಉದ್ಯಮ ತನ್ನ ಕೇಳುಗರನ್ನು ಎಷ್ಟು ಕಡಿಮೆ ಬಲ್ಲದು ಎಂಬುದನ್ನೇ ತೋರಿಸಿತು.

ಆ ಏಪ್ರಿಲ್‌ನಲ್ಲಿ ತಂಡ ಇನ್ನೊಂದು ಸಾಹಸಕ್ಕೆ ಕೈಹಾಕಿತು. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಕ್ಯಾಂಬರ್ ಸ್ಯಾಂಡ್ಸ್‌ನಲ್ಲಿ ಕಾರ್ಮಿಕವರ್ಗದ ಕುಟುಂಬಗಳು ರಜೆಗೆ ಹೋಗುವ ಒಂದು ಶಿಬಿರವಿತ್ತು. ಸಾಲುಸಾಲು ಪುಟ್ಟ ಮನೆಗಳು, ನಡುವೆ ಒಂದು ಸಭಾಂಗಣ. ಅದನ್ನು ಮೂರು ದಿನಕ್ಕೆ ಹಿಡಿದು, ತಮಗಿಷ್ಟವಾದ ತಂಡಗಳನ್ನು ಕರೆದು, 'ಬೌಲಿ ವೀಕೆಂಡರ್' ಎಂಬ ಉತ್ಸವ ನಡೆಸಿದರು. ಕೆಸರಿನ ಬಯಲಿಲ್ಲ, ಡೇರೆಯಿಲ್ಲ, ಗಣ್ಯರಿಗೆ ಬೇರೆ ಸಾಲಿಲ್ಲ. ಹಾಡುವವರೂ ಕೇಳುವವರೂ ಅಕ್ಕಪಕ್ಕದ ಮನೆಗಳಲ್ಲೇ ಉಳಿದುಕೊಂಡರು. ಮೋಗ್ವೈ, ಪೇಸ್ಟಲ್ಸ್, ಟೀನೇಜ್ ಫ್ಯಾನ್‌ಕ್ಲಬ್, ಫ್ಲೇಮಿಂಗ್ ಲಿಪ್ಸ್ ಎಲ್ಲರೂ ಬಂದಿದ್ದರು. ಕಾರ್ಯಕ್ರಮದ ಆಯ್ಕೆಯನ್ನು ಒಂದು ತಂಡದ ಕೈಗೇ ಒಪ್ಪಿಸುವ ಈ ಕ್ರಮ 'ಆಲ್ ಟುಮಾರೋಸ್ ಪಾರ್ಟೀಸ್' ಎಂಬ ಉತ್ಸವಮಾಲೆಗೆ ದಾರಿಮಾಡಿಕೊಟ್ಟಿತು.

ಇಷ್ಟಾದ ಮೇಲೆ ಕಷ್ಟದ ವರ್ಷಗಳು. 'ಲೀಗಲ್ ಮ್ಯಾನ್' ಹಾಡು 2000ದಲ್ಲಿ 15ನೇ ಸ್ಥಾನ ಮುಟ್ಟಿ ತಂಡವನ್ನು ಬಿಬಿಸಿಯ 'ಟಾಪ್ ಆಫ್ ದ ಪಾಪ್ಸ್' ವೇದಿಕೆಗೆ ತಂದಿತು. ನಾಲ್ಕನೆಯ ಆಲ್ಬಂ ಮೊದಲ ಹತ್ತರಲ್ಲಿ ಸ್ಥಾನ ಪಡೆಯಿತು. ಆದರೆ ಒಳಗೆ ಹೊಂದಾಣಿಕೆ ಸಡಿಲವಾಗಿತ್ತು. ಎಲ್ಲರೂ ಹಾಡು ಬರೆಯುವುದು, ಎಲ್ಲರೂ ಹಾಡುವುದು ಎಂದು ಹೊರಟಾಗ ಆಲ್ಬಂ ಹತ್ತು ಕಡೆ ಎಳೆದಾಡಿದಂತಾಯಿತು. ಸ್ಟುವರ್ಟ್ ಡೇವಿಡ್ 2000ದಲ್ಲಿ ಹೊರಟು ತಮ್ಮದೇ 'ಲೂಪರ್' ತಂಡದತ್ತ ನಡೆದರು. ಟಾಡ್ ಸೊಲೊಂಡ್ಜ್ ಎಂಬ ಅಮೆರಿಕನ್ ನಿರ್ದೇಶಕರ 'ಸ್ಟೋರಿಟೆಲ್ಲಿಂಗ್' ಚಿತ್ರಕ್ಕೆ ತಂಡ ಒಂದು ಆಲ್ಬಮ್ಮಿನಷ್ಟು ಸಂಗೀತ ಮಾಡಿತು; ಚಿತ್ರದಲ್ಲಿ ಬಳಕೆಯಾದದ್ದು ಕೆಲವೇ ನಿಮಿಷ. 2002ರಲ್ಲಿ ಉತ್ತರ ಅಮೆರಿಕದ ಪ್ರವಾಸದ ನಡುವೆಯೇ ಇಸೊಬೆಲ್ ಕ್ಯಾಂಪ್‌ಬೆಲ್ ತಂಡ ಬಿಟ್ಟರು. ಅವರ ಪಿಸುಮಾತಿನಂಥ ದನಿ, ಸೆಲ್ಲೊ ಎರಡೂ ಹೋದವು. ಅವರು ಮುಂದೆ ಅಮೆರಿಕದ ಒರಟು ಕಂಠದ ಗಾಯಕ ಮಾರ್ಕ್ ಲ್ಯಾನೆಗನ್ ಜೊತೆ ಮಾಡಿದ ಆಲ್ಬಮ್ಮುಗಳೂ ಕೇಳಲೇಬೇಕಾದವು.

ತಂಡ ಮುಗಿಯಿತು ಎಂದುಕೊಂಡವರಿಗೆ 2003ರಲ್ಲಿ ಉತ್ತರ ಸಿಕ್ಕಿತು. ಜೀಪ್‌ಸ್ಟರ್ ಬಿಟ್ಟು ರಫ್ ಟ್ರೇಡ್ ಸೇರಿದ್ದ ಅವರು 'ಡಿಯರ್ ಕಟಾಸ್ಟ್ರಫಿ ವೇಟ್ರೆಸ್' ಆಲ್ಬಮ್ಮಿಗೆ ಟ್ರೆವರ್ ಹಾರ್ನ್ ಅವರನ್ನು ನಿರ್ಮಾಪಕರಾಗಿ ಕರೆತಂದರು. 'ಫ್ರಾಂಕಿ ಗೋಸ್ ಟು ಹಾಲಿವುಡ್' ತಂಡದ ಭರ್ಜರಿ ಹಾಡುಗಳನ್ನು ರೂಪಿಸಿದ ಮನುಷ್ಯ, ಈ ಮೆಲುದನಿಯ ತಂಡಕ್ಕೆ! ಹಳೆಯ ಅಭಿಮಾನಿಗಳು ಗಾಬರಿಯಾದರು. ಆಗಿದ್ದು ಮಾತ್ರ ಒಳ್ಳೆಯದೇ. ಹಾರ್ನ್ ಹಾಡುಗಳ ಮೇಲೆ ಬಣ್ಣ ಮೆತ್ತಲಿಲ್ಲ. ಒಳಗೇ ಇದ್ದ ಲವಲವಿಕೆಯನ್ನು ಹೊರಗೆಳೆದು, ಪ್ರತಿ ವಾದ್ಯವೂ ಸ್ಪಷ್ಟವಾಗಿ ಕೇಳುವಂತೆ ಮಾಡಿದರು. ಆಲ್ಬಂ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. ಮೂರು ವರ್ಷದ ಮೇಲೆ ಲಾಸ್ ಏಂಜಲೀಸ್‌ನಲ್ಲಿ ಟೋನಿ ಹಾಫರ್ ಜೊತೆ ಮಾಡಿದ 'ದ ಲೈಫ್ ಪರ್ಸ್ಯೂಟ್' ಬ್ರಿಟನ್ನಿನಲ್ಲಿ 8ನೇ ಸ್ಥಾನಕ್ಕೆ ಹೋಯಿತು. ಆ ಬೇಸಿಗೆಯಲ್ಲೇ ಹಾಲಿವುಡ್ ಬೌಲ್ ಎಂಬ ಭಾರಿ ಬಯಲು ರಂಗಮಂದಿರದಲ್ಲಿ ಲಾಸ್ ಏಂಜಲೀಸ್ ಫಿಲ್ಹಾರ್ಮೊನಿಕ್ ವಾದ್ಯವೃಂದದ ಜೊತೆ ಹಾಡಿದರು.

ಈ ನಡುವೆ ಒಂದು ಹಳೆಯ ಲೆಕ್ಕ ಬಾಕಿಯಿತ್ತು. 'ಸಿನಿಸ್ಟರ್' ಆಲ್ಬಮ್ಮಿನ ಹಾಡುಗಳು ಚೆನ್ನಾಗಿವೆ, ಧ್ವನಿಮುದ್ರಣ ಚೆನ್ನಾಗಿಲ್ಲ ಎಂಬ ಕೊರಗು ಮರ್ಡಾಕ್ ಅವರಿಗೆ ಇದ್ದೇ ಇತ್ತು. 2005ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬಾರ್ಬಿಕನ್ ಸಭಾಂಗಣದಲ್ಲಿ ಇಡೀ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಹಾಡಿ ಮುದ್ರಿಸಿದರು. ಮರು ತಿಂಗಳು ಕಾಶ್ಮೀರ ಮತ್ತು ಪಾಕಿಸ್ತಾನದಲ್ಲಿ ಭೀಕರ ಭೂಕಂಪವಾಯಿತು. ಡಿಸೆಂಬರಿನಲ್ಲಿ ಆ ಧ್ವನಿಮುದ್ರಣ ಬಿಡುಗಡೆಯಾದಾಗ ಬಂದ ಹಣವನ್ನು ಭೂಕಂಪ ಪರಿಹಾರ ನಿಧಿಗೆ ಕೊಟ್ಟರು. 2022ರಲ್ಲಿ ಯುಕ್ರೇನ್ ಮೇಲೆ ಯುದ್ಧ ಶುರುವಾದಾಗಲೂ ಹೀಗೆಯೇ. ಒಂದು ಹಾಡಿನ ಆದಾಯವನ್ನು ರೆಡ್ ಕ್ರಾಸ್‌ಗೆ ಬಿಟ್ಟುಕೊಟ್ಟರು.

ಸಿನಿಮಾ ಈ ತಂಡಕ್ಕೆ ಒಂದು ಹಣೆಪಟ್ಟಿ ಕಟ್ಟಿತು. 2000ದ 'ಹೈ ಫಿಡೆಲಿಟಿ' ಚಿತ್ರದಲ್ಲಿ ರೆಕಾರ್ಡ್ ಅಂಗಡಿಗೆ ನುಗ್ಗುವ ಜ್ಯಾಕ್ ಬ್ಲ್ಯಾಕ್ ಪಾತ್ರ, ಕೇಳಿಬರುತ್ತಿದ್ದ ಬೆಲ್ ಆ್ಯಂಡ್ ಸೆಬಾಸ್ಟಿಯನ್ ಹಾಡನ್ನು ಗೇಲಿಮಾಡಿ ನಿಲ್ಲಿಸಿಬಿಡುತ್ತದೆ. ಅಳುಮುಂಜಿ ಹುಡುಗರ ಸಂಗೀತ ಎಂಬ ಮಾತು ಅಲ್ಲಿಂದ ಇನ್ನಷ್ಟು ಬೇರೂರಿತು. ಏಳು ವರ್ಷದ ಮೇಲೆ 'ಜೂನೊ' ಚಿತ್ರ ಅವರ ಹಾಡುಗಳನ್ನು ಪ್ರೀತಿಯಿಂದ ಬಳಸಿಕೊಂಡು ಹೊಸ ಪೀಳಿಗೆಗೆ ತಲುಪಿಸಿತು. ಮೆಲುದನಿಯನ್ನು ಬಲಹೀನತೆ ಎಂದುಕೊಳ್ಳುವುದು ಸರಿಯಲ್ಲ. ಈ ಹಾಡುಗಳ ಜನ ಸೋಲಬಹುದು, ಆದರೆ ತಮ್ಮನ್ನು ತಾವು ಕಡೆಗಣಿಸಿಕೊಳ್ಳುವುದಿಲ್ಲ.

ಸ್ವತಃ ಮರ್ಡಾಕ್ ಒಂದು ಸಿನಿಮಾ ಮಾಡಿದರು. 'ಗಾಡ್ ಹೆಲ್ಪ್ ದ ಗರ್ಲ್' ಮೊದಲು 2009ರಲ್ಲಿ ಆಲ್ಬಂ ಆಗಿ ಬಂದು, ಆಮೇಲೆ ಅಭಿಮಾನಿಗಳಿಂದ ಕಿಕ್‌ಸ್ಟಾರ್ಟರ್ ಜಾಲತಾಣದ ಮೂಲಕ ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿ ಚಿತ್ರವಾಯಿತು. ಗ್ಲಾಸ್ಗೋದಲ್ಲಿ ಆಸ್ಪತ್ರೆಯಿಂದ ಹೊರಬಂದ ಹುಡುಗಿಯೊಬ್ಬಳು ಇಬ್ಬರು ಗೆಳೆಯರ ಜೊತೆ ಹಾಡು ಕಟ್ಟುವ ಕಥೆ. 2014ರ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಅದರ ನಟವರ್ಗಕ್ಕೆ ವಿಶೇಷ ಬಹುಮಾನ ಬಂತು.

ಪ್ರವಾಸಗಳಿಗೂ ಅವುಗಳದ್ದೇ ಕಥೆಗಳಿವೆ. 2017ರ ಆಗಸ್ಟಿನಲ್ಲಿ ಅಮೆರಿಕದ ನಾರ್ತ್ ಡಕೋಟಾದಲ್ಲಿ ರಾತ್ರಿ ಬಸ್ಸು ವಾಲ್‌ಮಾರ್ಟ್ ಅಂಗಡಿಯ ಬಳಿ ನಿಂತಿತ್ತು. ಮಲಗುವ ಬಟ್ಟೆಯಲ್ಲೇ ಕೆಳಗಿಳಿದ ಕೋಲ್ಬರ್ನ್ ಅವರನ್ನು ಬಿಟ್ಟು ಬಸ್ಸು ಹೊರಟುಬಿಟ್ಟಿತು. ನೂರಾರು ಮೈಲಿ ದಾಟಿದ ಮೇಲೆ ಬೆಳಗ್ಗೆ ಡ್ರಮ್ಮರ್ ಇಲ್ಲದ್ದು ಗೊತ್ತಾಗಿ ತಂಡ ಟ್ವಿಟರಿನಲ್ಲಿ ಮೊರೆಯಿಟ್ಟಿತು. ಕೊನೆಗೆ ಅವರು ವಿಮಾನ ಹಿಡಿದು ಸೇಂಟ್ ಪಾಲ್ ನಗರದ ಕಾರ್ಯಕ್ರಮಕ್ಕೆ ಬಂದು ಮುಟ್ಟಿದರು. 2019ರಲ್ಲಿ ಬೌಲಿ ಉತ್ಸವಕ್ಕೆ ಇಪ್ಪತ್ತು ವರ್ಷ ತುಂಬಿದ ನೆನಪಿಗೆ ಬಾರ್ಸಿಲೋನಾದಿಂದ ಒಂದು ಹಡಗಿನಲ್ಲೇ ಉತ್ಸವ ನಡೆಸಿದರು.

ಕೊರೊನಾ ಕಾಲದಲ್ಲಿ ಹೊರದೇಶದ ಸ್ಟುಡಿಯೊಗೆ ಹೋಗಲಾಗದೆ, ಗ್ಲಾಸ್ಗೋದ ತಮ್ಮ ತಾಲೀಮಿನ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡರು. 2022ರ 'ಎ ಬಿಟ್ ಆಫ್ ಪ್ರೀವಿಯಸ್' ಅಲ್ಲಿ ಹುಟ್ಟಿತು. 2023ರ ಜನವರಿಯಲ್ಲಿ 'ಲೇಟ್ ಡೆವಲಪರ್ಸ್' ಬಂತು. ನಡುವಯಸ್ಸಿನವರ ಹಾಡುಗಳು ಇವು. ಮಕ್ಕಳು, ವಯಸ್ಸಾಗುವ ತಂದೆತಾಯಿ, ಹಳೆಯ ಪ್ರೀತಿಗಳ ಮಾತು ಇಲ್ಲಿದೆ. ಇಪ್ಪತ್ತರ ಹರೆಯದವರಂತೆ ನಟಿಸುವ ಹಂಬಲ ಎಲ್ಲೂ ಇಲ್ಲ.

ಕಾಯಿಲೆಯ ವರ್ಷಗಳ ಬಗ್ಗೆ ಮರ್ಡಾಕ್ ಬಹುಕಾಲ ನೇರವಾಗಿ ಹಾಡಿರಲಿಲ್ಲ. 2015ರ ಆಲ್ಬಮ್ಮಿನ ಮೊದಲ ಹಾಡು 'ನೋಬಡೀಸ್ ಎಂಪೈರ್'ನಲ್ಲಿ ಅದು ಬಂತು. ಅದೇ ಹೆಸರಿನಲ್ಲಿ 2024ರಲ್ಲಿ ಒಂದು ಕಾದಂಬರಿಯನ್ನೂ ಪ್ರಕಟಿಸಿದರು: ಗ್ಲಾಸ್ಗೋದಲ್ಲಿ ಎಂ.ಇ. ಹಿಡಿದ ಯುವಕನೊಬ್ಬ ಬಿಸಿಲು ಹುಡುಕಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಅಲ್ಲಿ ತನ್ನ ಹಾಡುಗಳನ್ನು ಕಂಡುಕೊಳ್ಳುವ ಕಥೆ. ಆ ದಣಿವು ತಮ್ಮನ್ನು ಪೂರ್ತಿ ಬಿಟ್ಟಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಆದರೂ ವೇದಿಕೆ ಏರಿದಾಗ, ಅರಬ್ ಸ್ಟ್ರಾಪ್ ಹಾಡಿನ ಹೊತ್ತಿಗೆ, ಕೇಳುಗರನ್ನು ಮೇಲೆ ಬರಹೇಳುವುದು ತಂಡದ ರೂಢಿ. ಹತ್ತಿಪ್ಪತ್ತು ಜನ ಹತ್ತುತ್ತಾರೆ. ವಾದ್ಯಗಾರರ ನಡುವೆ ಜಾಗ ಮಾಡಿಕೊಂಡು, ಕುಣಿಯಲು ಬಂದರೂ ಬಾರದಿದ್ದರೂ ಎಲ್ಲರೂ ಕುಣಿಯುತ್ತಾರೆ.